ತೂತು ಮುಚ್ಚಿದ ಕೈ

ನಸೀಮಾ, ಮಲಾಡಿನ ರಾಯರ ಮನೆಯ ಬೇಸ್‌ಮೆಂಟು ಮುಳುಗಿದ್ದು ನಿನ್ನ ಅಬ್ಬಾನ ತಪ್ಪಿನಿಂದಲ್ಲ. ನನ್ನಿಂದ. ಡ್ರಮ್ಮಿನ ತೂತುಗಳಿಗೆ ಸಿಮೆಂಟು ಮೆತ್ತಿದ್ದು ಈ ಬಸಣ್ಣ ಕಾಕಾನ ಕೈ. ನಿನ್ನ ಅಬ್ಬಾ ಇಮಾಮಸಾಬ ಅದನ್ನು ತಿಳಿದೂ ತನ್ನ ಮೈಮೇಲೆ ಹಾಕಿಕೊಂಡ. ನಾನು ಹಾಕಿಕೊಳ್ಳಲು ಬಿಟ್ಟೆ.

ಪ್ರತಿ ಮಳೆಗಾಲದಲ್ಲೂ ಆ ಬೇಸ್‌ಮೆಂಟಿನ ನೆಲ ಒಸರುತ್ತಿತ್ತು. ಗುಂಡಿ ತೋಡಿ, ಮೈತುಂಬ ತೂತಿರುವ ಪ್ಲಾಸ್ಟಿಕ್ ಡ್ರಮ್ಮು ಇಳಿಸಿ, ಅದರೊಳಗೆ ಪಂಪು ಕೂರಿಸುವುದೆಂದು ತೀರ್ಮಾನವಾಯಿತು. ಡ್ರಮ್ಮಿಗೆ ತೂತು ಹೊಡೆದು ಪಂಪು ಜೋಡಿಸುವುದು ಇಮಾಮನದು, ಗೌಂಡಿ ಕೆಲಸ ನನ್ನದು. ನಾವಿಬ್ಬರೂ ವಿಜಯಪುರದ ಕಡೆಯವರು, ಮುಂಬೈಯ ಒಂದೇ ನಾಕಾದಲ್ಲಿ ದಿನಗೂಲಿ ಕೆಲಸಕ್ಕೆ ನಿಂತವರು, ಒಂದೇ ಡಬ್ಬಿಯ ರೊಟ್ಟಿ ಮುರಿದವರು.

ಅಂದು ಶುಕ್ರವಾರ. ಡ್ರಮ್ಮು ಇಳಿಸಿ, ಒಳಗೆ ಪಂಪು ಜೋಡಿಸಿ, ಕೈ ತೊಳೆದು ಅವನು ನಮಾಜಿಗೆ ಹೊರಟ. ಹೋಗುವ ಮುಂಚೆ ಹೇಳಿಯೇ ಹೋದ — "ಅಣ್ಣಾ, ತೂತ್ ಮುಚ್ಚಬ್ಯಾಡ್ರಿ. ನೆಲದಾಗಿನ ನೀರು ಒಳಗ ಬರಬೇಕು, ಆವಾಗ ಪಂಪ್ ಎತ್ತತೈತಿ. ಸುತ್ತಾ ಬರೇ ಖಡಿ ತುಂಬ್ರಿ."

ನನಗೆ ನಗು ಬಂತು. ತೂತಿನ ಟಾಕಿ! ಆಯುಷ್ಯವೆಲ್ಲ ಕುಡಿಯುವ ನೀರಿನ ಟಾಕಿ ಕಟ್ಟಿದವನು ನಾನು. ಟಾಕಿ ಒಸರಿದರೆ ಗೌಂಡಿಯ ಮರ್ಯಾದೆ ಹೋಯಿತು ಎಂದು ನನಗೆ ಕೆಲಸ ಕಲಿಸಿದವರು ಬೈದು ಬೈದು ಹೇಳಿದ್ದರು. ಪಂಪಿನವನಿಗೆ ಏನು ಗೊತ್ತು, ನಾಳೆ ಸೋರಿದರೆ ಜನ ಉಗುಳುವುದು ನನ್ನ ಮುಖಕ್ಕೆ — ಹೀಗೆಲ್ಲ ಅಂದುಕೊಂಡು ಅವನು ಹೇಳಿದ ಖಡಿ, ಆ ಜಲ್ಲಿಕಲ್ಲನ್ನು ಮೂಲೆಗೆ ಸರಿಸಿದೆ. ಗಟ್ಟಿ ಸಿಮೆಂಟು ಕಲಸಿ ಡ್ರಮ್ಮಿನ ಹೊರಮೈಗೆಲ್ಲ ಮೆತ್ತಿದೆ. ಕರಣೆ ಆಡಿಸಿ ನುಣುಪು ಮಾಡಿದೆ — ಅದೆಂಥ ಹೆಮ್ಮೆ ನನಗೆ! ಮೇಲೆ ಮಣ್ಣು ತುಂಬಿ ನೆಲ ಮುಚ್ಚಿದೆ.

ಅವನು ಬಂದು ಕೇಳಿದ, "ಖಡಿ ಹಾಕಿದ್ರಿಲ್ಲ ಅಣ್ಣಾ?"

"ಹಾಕೀನೋ ಮಾರಾಯಾ" ಎಂದೆ.

ಅವನು ಅಗೆದು ನೋಡಲಿಲ್ಲ. ಬಸಣ್ಣನ ಮಾತು ಅಂದಮೇಲೆ ಮುಗಿಯಿತು.

ಮೊದಲ ದೊಡ್ಡ ಮಳೆಗೇ ಎಲ್ಲ ಬಯಲಾಯಿತು. ನೀರು ಡ್ರಮ್ಮಿನೊಳಗೆ ಬರಲಿಲ್ಲ, ಪಂಪು ಸುರುವಾಗಲಿಲ್ಲ. ನೆಲದಡಿ ತುಂಬಿದ ನೀರು ಖಾಲಿ ಡ್ರಮ್ಮನ್ನೇ ಮೇಲಕ್ಕೆತ್ತಿ ನೆಲ ಒಡೆಯಿತು. ರಾಯರು ತೀರಿಹೋದ ಹೆಂಡತಿಯ ಸೀರೆಗಳನ್ನು ಅಲ್ಲಿ ಟ್ರಂಕಿನಲ್ಲಿ ಇಟ್ಟಿದ್ದರು. ನಾವು ಓಡಿಹೋದಾಗ ಅವರು ಕೆಸರಿನಲ್ಲಿ ನಿಂತು ಒಂದು ರೇಷ್ಮೆ ಸೀರೆ ಹಿಂಡುತ್ತಿದ್ದರು.

"ಯಾರು ಮಾರಾಯ ಇದನ್ನು ಮಾಡಿದ್ದು?" ಎಂದರು. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸಿದ ಮನುಷ್ಯ, ಅವರ ದನಿ ಅಷ್ಟು ಸಣ್ಣಗಾದದ್ದು ನಾನು ಕೇಳಿರಲಿಲ್ಲ.

ಇಮಾಮ ಬಗ್ಗಿ, ರಾಡಿ ನೀರಿನೊಳಗೆ ಕೈಯಿಟ್ಟು ಡ್ರಮ್ಮನ್ನು ತಡವುತ್ತಿದ್ದ. ನಾನು ಬಾಯಿ ತೆರೆದೆ. ತೆರೆಯದಿದ್ದರೇ ಚೆನ್ನಾಗಿತ್ತು —

"ನಂದು ಬರೇ ಗೌಂಡಿ ಕೆಲಸ್ರಿ ರಾಯರ. ಪಂಪಿಂದೆಲ್ಲಾ ಇಮಾಮಗ ಗೊತ್ರಿ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಂಥ ಹೊಲಸು ಮಾತು ನಾನು ಬದುಕಿನಲ್ಲಿ ಇನ್ನೊಂದು ಆಡಿಲ್ಲ.

ಅವನ ಕೈ ನೀರಿನೊಳಗೇ ನಿಂತಿತು. ನನ್ನ ಕರಣೆಯ ನುಣುಪು ಅವನಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಗೇಟಿನ ಕಡೆ ನೋಡಿದ. ಗೇಟಿನ ಪಕ್ಕದ ಖೋಲಿಯನ್ನು ರಾಯರು ನನಗೂ ನನ್ನ ಹೆಂಡತಿಗೂ ಇರಲು ಕೊಟ್ಟಿದ್ದರು, ನಿನ್ನ ಕಾಕು ಅಲ್ಲಿಂದ ತನ್ನ ಕಾಯಿಲೆಗೆ ಸಯನ್ನಿನ ಆಸ್ಪತ್ರೆಗೆ ಓಡಾಡುತ್ತಿದ್ದಳು.

"ತೂತ್ ಹೊಡಿಯೋದ ಮರತ್ನಿರಿ ಸಾಹೇಬ್ರ. ನಂದ ತಪ್ಪು" ಎಂದ.

ರಾಯರು ನಂಬಿದರು. ಖೋಲಿ ಉಳಿಯಿತು. ಹೆಂಡತಿಯೂ ಉಳಿದಳು — ಆದರೆ ಅವಳ ಹೆಸರನ್ನು ಇಲ್ಲಿ ಅಡ್ಡ ಹಿಡಿಯಲಾರೆ. ಅಂದು ನನ್ನ ನಾಲಿಗೆ ಕಟ್ಟಿದ್ದು ಅವಳ ಕಾಯಿಲೆಯಲ್ಲ, ನನ್ನ ಕೆಲಸದ ಹೆಸರು. ಕೆಟ್ಟ ಗೌಂಡಿ ಅನ್ನಿಸಿಕೊಳ್ಳುವ ಹೆದರಿಕೆ.

ರಾಯರು ಗೊತ್ತಿದ್ದವರಿಗೆಲ್ಲ ಫೋನು ಮಾಡಿ, ಇವನನ್ನು ಕರೆಯಬೇಡಿ ಎಂದರು. ಪಂಪಿನ ಕೆಲಸ ನಿಂತೇಹೋಯಿತು. ಕಡೆಗೆ ಅವನೊಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆದ. ಒಮ್ಮೆ ನೋಡಿದೆ — ಇನ್ನೊಬ್ಬ ಮಿಸ್ತ್ರಿ ಅಲ್ಲಿಯ ಪಂಪು ಬಿಚ್ಚುತ್ತಿದ್ದ, ನಿನ್ನ ಅಬ್ಬಾ ಅವನಿಗೆ ಟಾರ್ಚು ಹಿಡಿದು ನಿಂತಿದ್ದ. ಆ ಮಿಸ್ತ್ರಿ ವಾಲ್ವು ತಲೆಕೆಳಗಾಗಿ ಕೂರಿಸಿದರೂ ನಿನ್ನ ಅಬ್ಬಾ ತಿದ್ದಲಿಲ್ಲ. ನನ್ನನ್ನು ಕಂಡು, "ಚಾ ಕುಡೀರಿ ಅಣ್ಣಾ" ಎಂದ. ಕುಡಿದೆ, ನಸೀಮಾ. ನಾಚಿಕೆಯಿಲ್ಲದೆ ಕುಡಿದೆ. ಎಷ್ಟೋ ಸಲ ಕುಡಿದೆ. ಆ ಗುಂಡಿಯ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ; ಎತ್ತಿ, ಕಪಾಳಕ್ಕೆ ಬಾರಿಸಿದ್ದರೆ —

ಅವನು ತೀರಿಕೊಂಡ ನಲವತ್ತನೆಯ ದಿನ, ಚಾಲೀಸ್ವಿಯ ಊಟದಲ್ಲಿ ನೀನು ನನ್ನ ತಟ್ಟೆಗೆ ಅನ್ನ ಬಡಿಸುತ್ತ, ನಿನ್ನ ಅರೆಬರೆ ಕನ್ನಡದಲ್ಲಿ ಕೇಳಿದೆ: "ಕಾಕಾ, ಅಬ್ಬಾಗ ಕಾಮ್... ಖರೇನ ಬರತಿರಲಿಲ್ಲೇನು?"

ಆಗಲಾದರೂ ಹೇಳಬೇಕಿತ್ತು. ಅವನಿಗೆ ಇನ್ನು ನಷ್ಟವೂ ಇರಲಿಲ್ಲ, ಲಾಭವೂ ಇರಲಿಲ್ಲ. ಇದ್ದದ್ದು ಮಗಳ ಕಣ್ಣಿನಲ್ಲಿ ಉಳಿಯುವ ಹೆಸರು ಒಂದೇ. ನಾನೇನೆಂದೆ? "ತಪ್ಪು ಎಲ್ಲಾರಿಗೂ ಆಗತೈತಿ ಬೇಟಾ" ಎಂದೆ. ಅವನನ್ನು ಕ್ಷಮಿಸಿದೆ! ಅವನ ಮನೆಯಲ್ಲಿ, ಅವನ ಅನ್ನದ ಮುಂದೆ ಕೂತು, ನಾನು ಅವನನ್ನು ಕ್ಷಮಿಸಿದೆ. ನೀನು ತಲೆಯಾಡಿಸಿ ಒಳಗೆ ಹೋದೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಇಷ್ಟನ್ನೂ ಬರೆದು ಮುಗಿಸುವಾಗ ನನ್ನ ಇನ್ನೊಂದು ಹೇಡಿತನ ನನಗೇ ಕಂಡಿತು. ನೀನು ಮುಂಬೈಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೂ ಕನ್ನಡದಲ್ಲಿ ಬರೆದಿದ್ದೇನೆ. ಬರೆದ ಸಮಾಧಾನ ನನಗಿರಲಿ, ನಿನಗೆ ತಿಳಿಯುವುದು ಬೇಡ — ಇದೇ ಅಲ್ಲವೇ ನನ್ನ ಲೆಕ್ಕ?

ಭಾನುವಾರ ಚಾಳಿನ ನಿನ್ನ ಮನೆಗೆ ಬರುತ್ತೇನೆ. ರಾಯರಿಗೂ ಬರಲು ಹೇಳಿದ್ದೇನೆ. ನಿಮ್ಮಿಬ್ಬರ ಎದುರು ನಾನೇ ಇದನ್ನು ಓದುತ್ತೇನೆ. ನಡುವೆ ನೀನು ಎದ್ದು ನನ್ನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತೇ ಉಳಿದದ್ದನ್ನು ಗಟ್ಟಿಯಾಗಿ ಓದಿ ಮುಗಿಸುತ್ತೇನೆ. ಇಡೀ ಚಾಳು ಕೇಳಲಿ.