ಫ್ಲೆಕ್ಸಿನ ಮೇಲಿನ ಸಮುದ್ರ ವಿಜ್ಞಾನಿ

ನನ್ನ ಮಗಳು, ಅಂದರೆ ನಿಮ್ಮ ಅವ್ವ, ಸಂಶೋಧನೆ ಬಿಟ್ಟ ಸುದ್ದಿಯನ್ನು ನಾನು ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಮಕ್ಕಳೇ. ಸಮುದ್ರದ ಜೀವಿಗಳನ್ನು ಓದಿ ಡಾಕ್ಟರೇಟ್ ಪಡೆದವಳು. ಒಂದು ಯೋಜನೆ ಮುಗಿದಂತೆ ಇನ್ನೊಂದನ್ನು ಹುಡುಕಿ ದಣಿದು, ಕಾರವಾರದ ಕಡೆ ಪ್ರವಾಸೋದ್ಯಮ ಕಲಿಸುವ ಕಾಲೇಜು ಸೇರಿದಳು. ಜನರಿಗೆ ಸಮುದ್ರ ತೋರಿಸುವ ಗೈಡುಗಳಿಗೆ ಅವಳ ಪಾಠ. ನಮ್ಮ ಕುಷ್ಟಗಿ ಸೀಮೆಯವರಿಗೆ ಗೈಡ್ ಅಂದರೆ ಆನೆಗೊಂದಿಯಲ್ಲಿ ಕಾರು ನಿಲ್ಲುವ ಮೊದಲೇ ಕಿಟಕಿಗೆ ಬರುವವರು. ಅಷ್ಟು ಓದಿಸಿದ್ದು ಇದಕ್ಕಾ ಅಂದಾರೆಂದು ನನಗೆ ನಾಚಿಕೆ.

ಹೀಗಿರುವಾಗ ಅವಳು ಓದಿದ ಶಾಲೆಯವರು ಸನ್ಮಾನ ಇಟ್ಟುಕೊಂಡರು. ಹೆಡ್‌ಮಾಸ್ತರರು ಮನೆಗೆ ಬಂದು, "ಫ್ಲೆಕ್ಸಿನ್ಯಾಗ ಏನಂತ ಹಾಕಸೂಣ್ರಿ, ಅವ್ವಾರ?" ಎಂದು ಕೇಳಿದರು. ನಾನು ಹಳೆಯ ಕೆಲಸವನ್ನೇ ಹೇಳಿದೆ. ಶಾಲೆಯ ಗೇಟಿಗೆ ಅವಳ ಫೋಟೊ, ಪಕ್ಕದಲ್ಲೊಂದು ತಿಮಿಂಗಿಲ, ಕೆಳಗೆ ದಪ್ಪಕ್ಷರದಲ್ಲಿ "ಸಮುದ್ರ ವಿಜ್ಞಾನಿ".

ಸನ್ಮಾನದ ದಿನ ನಿಮ್ಮ ಅವ್ವ ಅದನ್ನು ನೋಡಿದಳು, ನನ್ನನ್ನೂ ನೋಡಿದಳು. ನಾನು ಸೆರಗೆಳೆದುಕೊಂಡು ಹೆಂಗಸರ ಹಿಂದೆ ಗೋಡೆಗೊರಗಿ ಕೂತೆ.

ಶಾಲು ಹೊದಿಸುವ ಮೊದಲೇ ಅವಳು ಮೈಕ್ ಕೇಳಿ ತೆಗೆದುಕೊಂಡಳು. "ಹೊರಗ ಬರದದ್ದು ಹಳೇ ಕೆಲಸ್ರಿ. ಈಗ ಗೈಡ್‌ಗಳಿಗೆ ಪಾಠ ಮಾಡ್ತೀನಿ."

ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕರು. "ಆನೆಗೊಂದ್ಯಾಗ ಕಾರಿಗೆ ಅಡ್ಡ ಬರ್ತಾರಲ್ಲ, ಅಂಥವ್ರಿಗೇನವಾ?"

"ಹೂನ್ರಿ ಕಾಕಾ. ಅಡ್ಡ ಬರಬ್ಯಾಡ್ರಿ ಅನ್ನೂದ ಮೊದಲನೇ ಪಾಠ."

ಎಲ್ಲರೂ ನಕ್ಕರು. ಆಮೇಲೆ ಅವಳು, ಸಮುದ್ರ ಇಳಿದಾಗ ಬಂಡೆಗಳಲ್ಲಿ ಉಳಿಯುವ ಸಣ್ಣ ಜೀವಿಗಳ ಬಗ್ಗೆ, ಅವನ್ನು ತುಳಿಯದಂತೆ ಜನರನ್ನು ನಡೆಸುವ ಬಗ್ಗೆ ಹೇಳಿದಳು. ಪಕ್ಕದಾಕೆ ನನ್ನನ್ನು ತಿವಿದು, "ನಿನಗ ಗೊತ್ತಿರ್ಲಿಲ್ಲೇನ?" ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಅವ್ವ ಕೇಳಿದಳು, "ನನ್ನ ಕೆಲಸಕ್ಕ ನಾಚತೀಯೇನಬೇ?"

"ಮಂದಿಗೆ ಅಂಜತೀನಿ."

"ಮಂದಿ ನಕ್ಕರು, ಉಂಡ್ರು, ಮನಿಗ್ಹೋದ್ರು. ನೀನರ ಖರೇ ಹೇಳು."

ಬಸ್ಸು ಬಂತು. ನಾನು ಅವಳ ಚೀಲ ಎತ್ತಿ ಕೊಟ್ಟೆ.

ಮರುದಿನ ಗಿರಣಿಯಲ್ಲಿ ಜೋಳ ಬೀಸಲು ಕೊಟ್ಟು ನಿಂತಿದ್ದೆ. ಜಾತ್ಯತೀತವಾಗಿ ಎಲ್ಲರ ಮನೆ ಸುದ್ದಿ ಕೇಳುವವಳೊಬ್ಬಳು, "ಮಗಳು ಏನ್ ಮಾಡ್ತಾಳ ಈಗ?" ಎಂದಳು. ಮೆಲ್ಲಗೆ ಹೇಳಿದೆ. ಗಿರಣಿಯ ಸದ್ದಿಗೆ ಕೇಳಿಸದೆ ಆಕೆ ಮತ್ತೆ ಕೇಳಿದಳು.

"ಸಮುದ್ರ ತೋರಸೋ ಗೈಡ್‌ಗಳಿಗೆ ಕಲಿಸ್ತಾಳ," ಎಂದೆ, ಗಿರಣಿಯವನೂ ತಿರುಗಿ ನೋಡುವಷ್ಟು ಜೋರಾಗಿ. ನಾಚಿಕೆ ಹೋಗಿರಲಿಲ್ಲ. ಹಿಟ್ಟಾಗುವವರೆಗೂ ಅಲ್ಲೇ ನಿಂತೆ.