ಹೊರಟವರ ಹಿಂದೆ ಕಸ

ಪಾತಮ್ಮ ತೋಳಕ್ಕೆ ಹೆದರಿದವಳಲ್ಲ. ಹುಡುಗಿಯಾಗಿದ್ದಾಗ ವರವು ಕಾವಲಿನ ಹುಲ್ಲುಗಾವಲಿನಲ್ಲಿ ಅಪ್ಪನ ಕುರಿ ಕಾಯುತ್ತ, ಮರಿಗೆ ಬಾಯಿ ಹಾಕಲು ಬಂದ ತೋಳವನ್ನು ಬರೀ ಕೋಲು ಹಿಡಿದು ಅಟ್ಟಿದವಳು. ಆದರೆ ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಸಾಕು, ಅವಳ ಎದೆ ಪುಕಪುಕ ಎನ್ನುತ್ತಿತ್ತು. ಬೆಕ್ಕು ಅಡ್ಡ ಬಂದರೆ, ಒಂಟಿ ಸೀನು ಬಿದ್ದರೆ ಹೇಗೋ ಸಹಿಸಿಕೊಂಡಾಳು. ಹೊರಟವರು ಊರು ಮುಟ್ಟುವ ಮೊದಲೇ ಮನೆಯ ಕಸ ಗುಡಿಸಿದರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಹಾಗೆ ಬೆನ್ನ ಹಿಂದೆಯೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ. ಹೋದವರು ಮತ್ತೆ ಬರುವುದು ಬೇಡ ಎಂದು ಹೇಳುವ ರೀತಿ ಅದು.

ಅವಳ ಒಬ್ಬನೇ ಮಗ ಓಬಳೇಶನ ಬದುಕು ಮಾತ್ರ ದಾರಿಯ ಮೇಲೆಯೇ. ಚಳ್ಳಕೆರೆ ಸಂತೆಯಲ್ಲಿ ಕುರಿ ತುಂಬಿಕೊಂಡು ಮೊಳಕಾಲ್ಮೂರು ದಾಟಿ, ಗಡಿಯಾಚೆಯ ರಾಯದುರ್ಗಕ್ಕೆ ಗಾಡಿ ಓಡಿಸುತ್ತಿದ್ದ. ಮೊಳಕಾಲ್ಮೂರಿನಲ್ಲಿ ಚಹಾಕ್ಕೆ ನಿಂತಾಗ ಮನೆಗೆ ಫೋನ್ ಮಾಡುವುದು ರೂಢಿ. "ಮುಟ್ಟಿದೆ ಅವ್ವ" ಎಂಬ ಎರಡೇ ಮಾತು. ಅದು ಕಿವಿಗೆ ಬಿದ್ದ ಮೇಲೆಯೇ ಪಾತಮ್ಮ ಪೊರಕೆ ಮುಟ್ಟುತ್ತಿದ್ದಳು. ಅಲ್ಲಿಯವರೆಗೆ ಮನೆ ಹೇಗಿದ್ದರೂ ಇರಲಿ, ಯಾರು ಬಂದು ನೋಡಿದರೂ ಅವಳಿಗೆ ಚಿಂತೆಯಿರಲಿಲ್ಲ.

ಪೊರಕೆಗೇ ಕುತ್ತು ತಂದದ್ದು ಉಬ್ಬಸ. ಹರೆಯದಿಂದ ಉಣ್ಣೆ ಹಿಂಜಿ ನೂತವಳ ಎದೆಯೊಳಗೆ ಅರ್ಧ ಕಂಬಳಿಯಾದರೂ ಸೇರಿರಬೇಕು. ಮಾತಾಡಿದರೆ ಸಿಳ್ಳೆ, ಮಲಗಿದರೆ ಗೊರಗೊರ. ಆಸ್ಪತ್ರೆಯ ಡಾಕ್ಟರು ಬಾಯಿಗೆ ಒತ್ತಿಕೊಳ್ಳುವ ಪಂಪು ಕೊಟ್ಟು, ರಾಟೆ ಅಟ್ಟಕ್ಕೆ ಹಾಕಿಸಿ, "ಇನ್ನು ಪೊರಕೆ ಹಿಡಿದರೆ ನನ್ನ ಹತ್ತಿರ ಬರಬೇಡಿ" ಎಂದು ಗದರಿ ಕಳಿಸಿದ್ದರು.

ಸೊಸೆ ರೂಪ ಕುದಾಪುರದ ಕ್ಯಾಂಪಸ್ಸೊಂದರ ಗೆಸ್ಟ್‌ಹೌಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ತಾನಾಗೇ ಓಡಾಡಿ ಕಸ ಹೀರುವ ಯಂತ್ರ ನೋಡಿದ್ದಳು. ಅಂಥದ್ದೇ ಒಂದು ಕಡಿಮೆ ಬೆಲೆಯದನ್ನು ಫೋನಿನಲ್ಲೇ ತರಿಸಿ ನಡುಮನೆಯಲ್ಲಿ ಇಟ್ಟಳು. ಆಮೆಯ ಹಾಗೆ ಚಪ್ಪಟೆ. ಅದಕ್ಕೊಂದು ಗೂಡು. ಮನೆ ಸುತ್ತಿ ಬಂದ ಆಮೆ ಗೂಡಿಗೆ ಬೆನ್ನು ಕೊಟ್ಟು ನಿಂತರೆ, ಗೂಡು ಗೊರ್ರೆಂದು ಅಬ್ಬರಿಸಿ ಅದರ ಹೊಟ್ಟೆಯ ಕಸವನ್ನೆಲ್ಲ ತನ್ನೊಳಗಿನ ಚೀಲಕ್ಕೆ ಎಳೆದುಕೊಳ್ಳುತ್ತಿತ್ತು. ಧೂಳು ಯಾರ ಮೂಗಿಗೂ ಬರುವಂತಿಲ್ಲ.

"ಹಿಡಿಸ್ಲಿಲ್ಲ ಅಂದ್ರೆ ವಾಪಸ್ ಕಳಿಸ್ಬಹುದು ಅತ್ತೆ. ದಿನಾ ಮನೇಲಿರೋರು ನೀವು. ಹೆಂಗೈತೆ ಅಂತ ನೀವೇ ಹೇಳ್ಬೇಕು" ಎಂದಳು ರೂಪ.

ಪಾತಮ್ಮ ಸಂತೆಯಲ್ಲಿ ಟಗರಿನ ಹಲ್ಲು ನೋಡುವವರಂತೆ ಅದನ್ನು ಪರೀಕ್ಷೆಗೆ ಹಚ್ಚಿದಳು. ಶೇಂಗಾ ಸಿಪ್ಪೆ ಚೆಲ್ಲಿ ನೋಡಿದಳು, ನುಂಗಿತು. ಮಂಚದ ಕೆಳಗೆ ತೂರಿ, ಯಾವ ಕಾಲದ್ದೋ ಧೂಳು ಎಳೆದು ತಂದಿತು. ಕಂಬಳಿ ಅಂಚು ಕಂಡರೆ ಮಾತ್ರ ಕಕ್ಕಾಬಿಕ್ಕಿ. ಉಣ್ಣೆ ಎಳೆ ಬ್ರಷ್ಷಿಗೆ ಸುತ್ತಿಕೊಂಡರೆ ಕತ್ತರಿಯೇ ಗತಿ. ದೇವರ ಗೂಡಿನ ಮುಂದಿನ ರಂಗೋಲಿಯನ್ನು ಚೂರೂ ನಾಚಿಕೆಯಿಲ್ಲದೆ ಬಳಿದುಕೊಂಡು ಹೋಗುತ್ತಿತ್ತು. ಅಡುಗೆಮನೆ ಹೊಸ್ತಿಲು ದಾಟಿಸಲು ಎತ್ತಿಯೇ ಬಿಡಬೇಕು. ಆಮೆಯ ಗೂಡಿನ ಮೇಲೆ ಹಸಿರು ದೀಪ ಹತ್ತಿದರೆ ಚಾರ್ಜು ತುಂಬಿದೆ, ಕೆಂಪು ಹತ್ತಿದರೆ ಇಲ್ಲ ಎಂಬುದನ್ನೂ ಕಲಿತಳು. ಗೂಡು ಅಬ್ಬರಿಸಿದಾಗ ಮಾತ್ರ ಪ್ರತಿಸಲವೂ ಬೆಚ್ಚಿಬೀಳುತ್ತಿದ್ದಳು. ಆದರೂ ಸುಳ್ಳು ಹೇಳಬಾರದು, ಎಷ್ಟೋ ತಿಂಗಳ ಮೇಲೆ ಆ ವಾರ ಅವಳು ದಿಂಬಿಗೆ ಒರಗದೆ, ಚಾಪೆಯ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿದಳು.

ಓಬಳೇಶನ ಫೋನು ಬಂದ ಮೇಲೆ ರೂಪಳಿಗೆ ಹೇಳುವುದು, ರೂಪ ಕುದಾಪುರದಲ್ಲಿ ಕೂತೇ ತನ್ನ ಫೋನಿನಲ್ಲಿ ಒತ್ತುವುದು, ಹೀಗೆ ನಡೆದಿತ್ತು. ಅತ್ತೆಯ ಶಾಸ್ತ್ರ ಕಂಡು ರೂಪಳಿಗೆ ನಗು. "ಆಮೆಗೆ ಶಾಸ್ತ್ರ ಎಲ್ಲಿ ಗೊತ್ತೈತೆ ಅತ್ತೆ?" ಎನ್ನುತ್ತಿದ್ದಳು. ಕೆಲಸದ ನಡುವೆ ದಿನಾ ಒತ್ತುವುದು ರಗಳೆಯೆನಿಸಿ, ಬೆಳಗ್ಗೆ ಒಂಬತ್ತಕ್ಕೆ ತಾನಾಗೇ ಹೊರಡುವಂತೆ ಟೈಮ್ ಇಟ್ಟಳು. ಓಬಳೇಶ ನಸುಕಿಗೇ ಹೋಗುವವನು, ಒಂಬತ್ತರೊಳಗೆ ಮೊಳಕಾಲ್ಮೂರು ಮುಟ್ಟಿರುತ್ತಾನೆ ಎಂಬ ಲೆಕ್ಕ ಅವಳದು. ಅತ್ತೆಗೆ ಹೇಳಲು ಮರೆತಳು.

ಮರುದಿನವೇ ಓಬಳೇಶನ ಗಾಡಿಯ ಟೈರು ಪಂಚರಾಯಿತು. ಪಂಚರು ಹಾಕಿಸಿಕೊಂಡು ಬಂದು, ತಿಂಡಿ ತಿಂದು, ಒಂಬತ್ತರ ಹೊತ್ತಿಗೆ "ಬರ್ತೀನಿ ಅವ್ವ" ಎಂದು ಹೊಸ್ತಿಲು ದಾಟಿದ. ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಕರಗುವ ಮೊದಲೇ ಪಾತಮ್ಮನ ಬೆನ್ನ ಹಿಂದೆ ಟಿಣ್ ಎಂದಿತು. ತಿರುಗಿ ನೋಡಿದರೆ ಆಮೆ ಗೂಡು ಬಿಟ್ಟು ಹೊರಟಿದೆ. ಓಬಳೇಶ ಕೂತೆದ್ದ ಜಾಗ, ಚಪ್ಪಲಿ ಮೆಟ್ಟಿದ ಜಾಗ, ಅವನು ನಡೆದ ದಾರಿಯನ್ನೇ ಹಿಡಿದು ಬಾಗಿಲ ಕಡೆ ಬರುತ್ತಿದೆ.

"ಅಯ್ಯಯ್ಯೋ, ನಿಲ್ಲೋ! ನಿಲ್ಲೋ ನಿನ್ನ!" ಎಂದು ಓಡಿದಳು. ಯಾವ ಗುಂಡಿ ಒತ್ತಬೇಕೋ ತಿಳಿಯಲಿಲ್ಲ. ಕಾಲು ಅಡ್ಡ ಇಟ್ಟಳು, ಬಳಸಿಕೊಂಡು ಹೋಯಿತು. ಕಡೆಗೆ ಕುರಿಮರಿ ಮುಚ್ಚುವ ಬಿದಿರಿನ ಮಂಕರಿ ತಂದು ಬೋರಲು ಹಾಕಿದಳು. ಹಟ್ಟಿಯಲ್ಲಿ ಎಂಥ ತುಂಟ ಮರಿಯೂ ಅದರಡಿ ತೆಪ್ಪಗಿರುತ್ತದೆ. ಇದು ತೆಪ್ಪಗಿರಲಿಲ್ಲ. ಮಂಕರಿಯನ್ನೇ ಹೊತ್ತು ನಡುಮನೆಯ ತುಂಬ ಕರಕರ ಎಂದು ಓಡಾಡಿತು. ಕೈಕಾಲಿಲ್ಲದ ಮಂಕರಿ ತಾನಾಗೇ ತನ್ನ ಕಡೆ ಬರುವುದನ್ನು ಕಂಡು ಪಾತಮ್ಮ ಕಿರುಚಿ ಮಂಚ ಹತ್ತಿದಳು. ಗೋಡೆಗೆ ಬಡಿದು ಮಂಕರಿ ಮಗುಚಿತು. ಆಮೆ ತನ್ನ ಪಾಡಿಗೆ ಉಳಿದದ್ದನ್ನೂ ಬಳಿದು, ಗೂಡಿಗೆ ಹೋಗಿ ನಿಂತಿತು. ಗೂಡು ಗೊರ್ರೆಂದಿತು. ಮಗನ ಕಾಲ ಧೂಳೆಲ್ಲ ಚೀಲ ಸೇರಿತು.

'ಕಸ ಇನ್ನೂ ಹೊಸ್ತಿಲು ದಾಟಿಲ್ಲವಲ್ಲ, ಮನೆಯೊಳಗೇ ಇದೆಯಲ್ಲ' ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡು ಫೋನು ಮಡಿಲಲ್ಲಿಟ್ಟು ಕೂತಳು. ಮೊಳಕಾಲ್ಮೂರು ಮುಟ್ಟುವ ಹೊತ್ತಾಯಿತು, ಮೀರಿತು. ಫೋನು ಬಡಿದುಕೊಳ್ಳಲಿಲ್ಲ. ತಾನೇ ಮಾಡಿದಳು. ಗಂಟೆ ಹೊಡೆದು ಹೊಡೆದು ಸುಮ್ಮನಾಯಿತು. ಮತ್ತೆ ಮಾಡಿದಳು.

ಆಗಲೇ ಪಕ್ಕದ ಮನೆಯ ಜೋಗಮ್ಮ ಬಾಗಿಲಲ್ಲಿ ನಿಂತಳು. "ಪಾತಕ್ಕ, ನಿಮ್ಮ ಓಬಳೇಶ ಇವತ್ತು ಹೋಗ್ಯಾನೇನು? ಮೊಳಕಾಲ್ಮೂರು ದಾರ್ಯಾಗೆ ಬಿ.ಜಿ. ಕೆರೆ ತಾವ ಕುರಿ ಗಾಡಿ ಒಂದು ಮಗುಚೈತಂತೆ. ಯಾರ್ದೋ ಗೊತ್ತಿಲ್ಲ ಕಣಕ್ಕ. ನಮ್ಮನೇರ್ನ ಕೇಳ್ಕೊಂಡು ಬರ್ತೀನಿ, ತಡಿ" ಎಂದು ಓಡಿದಳು.

ಪಾತಮ್ಮನ ಕಣ್ಣು ಆಮೆಯ ಗೂಡಿನ ಮೇಲೆ ನೆಟ್ಟಿತು. ತಾನೇ ಗುಡಿಸಿದಂತಾಯಿತು. ಹೆಣದ ಹಿಂದೆ ಗುಡಿಸಿದಂತೆ ಗುಡಿಸಿ ಕೂತಿದ್ದಾಳೆ. ಅವನ ಧೂಳನ್ನು ಅವನ ದಾರಿಯ ಮೇಲೆ ಮತ್ತೆ ಇಟ್ಟುಬಿಟ್ಟರೆ? ಗುಡಿಸೇ ಇಲ್ಲ ಎಂದಾಗುತ್ತದಲ್ಲ? ಗೂಡಿನ ಮುಚ್ಚಳ ಕಿತ್ತಳು. ಚೀಲ ಎಳೆದಳು. ಉಣ್ಣೆ ಕತ್ತರಿಸುವ ಕತ್ತರಿಯಿಂದ ಸೀಳಿದಳು.

ಒಂದು ವಾರದ ಧೂಳು, ನವಿರು, ಬೂದಿಯಂಥ ಪುಡಿ ಮುಖಕ್ಕೆ ಎದ್ದಿತು. ಅವಳು ಲೆಕ್ಕಿಸಲಿಲ್ಲ. ರಾಗಿ ಬಿತ್ತುವವಳಂತೆ ಹಿಡಿ ಹಿಡಿಯಾಗಿ ತೆಗೆದು, ಮಗ ತಿಂಡಿ ತಿಂದ ಜಾಗದಿಂದ ಬಾಗಿಲವರೆಗೆ ಚೆಲ್ಲುತ್ತ ಹೋದಳು. "ಬಾರೋ ಮಗನೇ, ಬಾರೋ" ಎನ್ನುತ್ತಿದ್ದಳು. ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಮಾತು ಸಿಳ್ಳೆಯಾಯಿತು. ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದಂತಾಯಿತು. ಪಂಪು ಕಿಟಕಿಯಲ್ಲಿತ್ತು. ಎರಡು ಹೆಜ್ಜೆಯ ದೂರ. ಹೋಗಲಾಗಲಿಲ್ಲ. ಬಾಯಿ ತೆರೆದರೂ ಗಾಳಿ ಒಳಗೆ ಬರಲೊಲ್ಲದು. ಆಗಲೂ ಅವಳಿಗೆ ತಾನು ಸಾಯುತ್ತೇನೆಂಬ ಭಯವಲ್ಲ. ತಾನು ಇಲ್ಲಿ ಬಿದ್ದರೆ ಮಗನ ಫೋನು ಎತ್ತುವವರು ಯಾರು ಎಂಬ ಭಯ.

ಗಾಡಿಯ ಸುದ್ದಿ ತಿಳಿದುಕೊಂಡು ಬಂದ ಜೋಗಮ್ಮ ಅವಳನ್ನು ಹೊಸ್ತಿಲ ಮೇಲೆ ಬಿದ್ದಂತೆ ಕಂಡಳು. ಮೈಯೆಲ್ಲ ಧೂಳು, ತುಟಿ ನೀಲಿ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ನರ್ಸು ಹೇಳಿದಳು.

ಮೂಗು ಬಾಯಿಗೆ ಮಾಸ್ಕು ಹಾಕಿಕೊಂಡು ಮಲಗಿದ್ದ ಪಾತಮ್ಮ ಸಂಜೆಗೆ ಕಣ್ಣು ಬಿಟ್ಟರೆ, ಮೈಯೆಲ್ಲ ಕುರಿ ನಾತದ ಓಬಳೇಶ ಎದುರಿಗೆ ನಿಂತಿದ್ದ. ಅವನ ಹಿಂದೆ ರೂಪ.

"ಮುಟ್ದೇನೋ?" ಎಂದಳು ಮಾಸ್ಕಿನೊಳಗಿಂದ.

"ನಂಗೇನಾಗೈತೆ ಅವ್ವ? ಮಗುಚಿದ್ದು ನನ್ನ ಮುಂದಿನ ಗಾಡಿ. ಕಣ್ಣೆದುರಿಗೇ ಪಲ್ಟಿ ಹೊಡೀತು, ಹೆಂಗೋ ಬ್ರೇಕ್ ಹಾಕ್ದೆ. ಡ್ರೈವರ್‌ನ ಎಳೆದು, ಚೆದುರಿದ ಕುರಿ ಹಿಡಿಯಾಕೆ ಹೋದೆ. ಫೋನು ಗಾಡೀಲೇ ಇತ್ತು." ಹೇಳುತ್ತ ಹೇಳುತ್ತ ಅವಳ ಮಾಸ್ಕು ಸರಿಮಾಡಿದ. "ಅಲ್ಲವ್ವ, ಸಾಯಾಕೆ ಬಿದ್ದಿದ್ದು ನೀನು!"

ರೂಪ ಗಂಡನ ಅಂಗಿಗೆ ಹತ್ತಿದ್ದ ಇನ್ನೊಬ್ಬರ ರಕ್ತದ ಕಲೆಯನ್ನೇ ನೋಡುತ್ತಿದ್ದಳು.

ಪಾತಮ್ಮ ಮನೆಗೆ ಬಂದಾಗ ಯಂತ್ರ ವಾಪಸ್ ಕಳಿಸುವ ಗಡುವು ಇನ್ನೂ ಮುಗಿದಿರಲಿಲ್ಲ. "ಕಳಿಸಿಬಿಡಾನಾ?" ಎಂದು ಓಬಳೇಶ ಕೇಳಿದ.

"ಬ್ಯಾಡ, ಇರ್ಲಿ" ಎಂದಳು ಪಾತಮ್ಮ. "ಕಸ ಚೆನ್ನಾಗಿ ತೆಗೀತೈತೆ. ತಪ್ಪು ಅದರದಲ್ಲ." ಆಸ್ಪತ್ರೆಯ ಮಂಚದ ಮೇಲೆ ಅವಳಿಗೆ ಬೇರೆ ಭಯ ಹುಟ್ಟಿತ್ತು. ಇನ್ನೊಮ್ಮೆ ಹಾಗೆ ಉಸಿರು ಕಟ್ಟಿದರೆ ಮಗ ವಾಪಸ್ ಬರುವ ಮನೆಯಲ್ಲಿ ತಾನು ಇರುವುದಿಲ್ಲ. ಹೊರಟವನ ಹಿಂದೆ ಗುಡಿಸಿದರೂ ಸರಿ, ಎದೆಗೆ ಧೂಳು ಬೇಡ ಎಂದು ಗಟ್ಟಿ ಮನಸ್ಸು ಮಾಡಿದ್ದಳು.

ಭಾನುವಾರ ಓಬಳೇಶ ಮತ್ತೆ ಗಾಡಿ ತೆಗೆದ. ರೂಪಳಿಗೆ ರಜೆ. ಗೂಡಿಗೆ ಹೊಸ ಚೀಲ ಹಾಕಿ, ಒಂಬತ್ತರ ಟೈಮನ್ನು ಅವಳು ಆಗಲೇ ತೆಗೆದಿದ್ದಳು. ನಡುಮನೆಯ ತುಂಬ ಶೇಂಗಾ ಸಿಪ್ಪೆ, ಮಣ್ಣು. ಪಾತಮ್ಮನಿಗೆ ಕೆಮ್ಮು ಶುರುವಾಯಿತು. ಎದೆ ಢವಗುಟ್ಟುತ್ತಿದ್ದರೂ ತಾನೇ ಬಾಯಿಬಿಟ್ಟಳು. "ಒತ್ತಮ್ಮ ರೂಪ. ಕಸ ಭಾಳ ಬಿದ್ದೈತೆ."

ರೂಪ ಫೋನು ಹಿಡಿದಳು. ಹೆಬ್ಬೆರಳು ಗಾಜಿನ ಹತ್ತಿರ ಹೋಯಿತು, ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿದಳು. ಎದ್ದು ಹೋಗಿ ಒಂದು ಬಟ್ಟೆ ಒದ್ದೆ ಮಾಡಿ ತಂದು ಅತ್ತೆಯ ಮೂಗಿಗೆ ಕಟ್ಟಿದಳು.

"ಚಾರ್ಜು ಇಲ್ಲ ಅತ್ತೆ. ಸ್ವಲ್ಪ ಹೊತ್ತಾಗ್ಲಿ" ಎಂದಳು.

ಪಾತಮ್ಮ ಗೂಡಿನ ಕಡೆ ನೋಡಿದಳು. ಹಸಿರು ದೀಪ ಹತ್ತಿತ್ತು.

"ಆಗ್ಲಿ ಕಣಮ್ಮ, ಕಾಯಾನ" ಎಂದು ಸೊಸೆಗೆ ಮಂಚದ ಮೇಲೆ ಜಾಗ ಮಾಡಿಕೊಟ್ಟಳು. ಇಬ್ಬರೂ ಫೋನನ್ನು ನಡುವೆ ಇಟ್ಟುಕೊಂಡು ಕೂತರು. ಮೊಳಕಾಲ್ಮೂರು ಇನ್ನೂ ದೂರವಿತ್ತು.