ದೊರೆಸಾಮಿ ಬಾವನ ಗಟ್ಟಿಮೇಳ

ತುತ್ತೂರಿ ಊದುವಾಗ ನಮ್ಮ ದೊರೆಸಾಮಿ ಬಾವನ ಕೆನ್ನೆ ಮಳೆಗಾಲದ ಕಪ್ಪೆಯ ಗಂಟಲಿನಂತೆ ಉಬ್ಬುತ್ತಿತ್ತು. ಊದದೆ ಇರುವಾಗ ಅದೇ ಕೆನ್ನೆ ಕಾಳು ಸುರಿದಾದ ಚೀಲದಂತೆ ಜೋತುಬೀಳುತ್ತಿತ್ತು. ನಮ್ಮಕ್ಕ ಇಂಥ ಮುಖವನ್ನು ಹೇಗೆ ಮೆಚ್ಚಿದಳೋ ಕೇಳಬೇಡಿ. ನಮ್ಮ ಕಾಲದಲ್ಲಿ ಮುಖ ನೋಡುವ ಹೊತ್ತಿಗೆ ಮದುವೆ ಮುಗಿದಿರುತ್ತಿತ್ತು.

ಬಾವ ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿಯಲ್ಲಿ ಕಲ್ಲು ಕೊರೆಯುತ್ತಿದ್ದ. ಮೇಲೆ ಬಂದರೆ ಬ್ಯಾಂಡು. ಏಳು ಜನರಿದ್ದರೆಂದು 'ಲಕ್ಕಿ ಸೆವೆನ್' ಅಂತ ಹೆಸರಿಟ್ಟುಕೊಂಡಿದ್ದರು. ಕೋರಮಂಡಲ್‌ನಿಂದ ಕ್ಯಾಸಂಬಳ್ಳಿವರೆಗೆ ಅವರಿಲ್ಲದೆ ಮದುವೆ ಇರಲಿಲ್ಲ. ಆಮೇಲೆ, ಮೆರವಣಿಗೆಯಲ್ಲಿ ಮುಂದೆ ಯಾರು ನಡೆಯಬೇಕು ಅನ್ನುವ ಘನವಾದ ವಿಷಯಕ್ಕೆ ಜಗಳವಾಡಿ ಒಡೆದುಹೋದರು. ಏಳು ವರ್ಷ ಮಾತಿಲ್ಲ, ಕತೆಯಿಲ್ಲ. ವಯಸ್ಸು ಅರವತ್ತು ದಾಟಿದ ಮೇಲೆ ಮತ್ತೆ ಕೂಡಿದಾಗ ಬದುಕಿದ್ದವರು ನಾಲ್ಕೇ ಜನ, ಆದರೆ ಹೆಸರು ಮಾತ್ರ ಲಕ್ಕಿ ಸೆವೆನ್ನೇ. ವೇದಿಕೆ ಮೇಲೆ ಏಳು ಕುರ್ಚಿ ಹಾಕಿಸಿ, ಖಾಲಿ ಮೂರಕ್ಕೂ ಕೈಮುಗಿದು ಬಾವ, "ಇವರು ರಜಾ ಮೇಲವ್ರೆ ಕಣ್ರಯ್ಯಾ. ಇವತ್ತು ತಾಳ ತಪ್ಪದೋರು ಇವರು ಮೂರೇ ಜನ" ಅನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಸತ್ತವರ ಹೆಂಡತಿಯರೂ ನಗುತ್ತಿದ್ದರು, ಅದನ್ನೂ ಹೇಳಬೇಕು.

ಹಾಡಿನ ನಡುವೆ ತಟ್ಟನೆ ನಿಲ್ಲಿಸಿ, ತುತ್ತೂರಿಯ ಬಾಯಿಗೆ ಕಣ್ಣಿಟ್ಟು, "ತಡೀರಿ, ತಡೀರಿ! ಒಳಗೆ ಶಿಫ್ಟಿಗೆ ಇಳ್ದೋನು ಇನ್ನೂ ಮೇಲಕ್ಕೆ ಬಂದಿಲ್ಲ!" ಅನ್ನುವುದು ಅವನ ದೊಡ್ಡ ತಮಾಷೆ. ಅದನ್ನು ಕೇಳಲು ಬಂಗಾರಪೇಟೆಯಿಂದ ರೈಲು ಹತ್ತಿ ಬರುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಎಣಿಸಿದೆ. ಮೊದಲು ಹಾಡಿನ ನಾಲ್ಕು ಸಾಲಿಗೊಂದು ತಮಾಷೆ, ವರ್ಷ ಕಳೆದಂತೆ ಮೂರಕ್ಕೆ, ಆಮೇಲೆ ಎರಡಕ್ಕೆ. ಗಣಿಯ ಧೂಳು ಎದೆ ಹೊಕ್ಕಿತ್ತು. ಜನ ನಗುವಷ್ಟು ಹೊತ್ತು ಬಾವ ಉಸಿರು ಎಳೆದುಕೊಳ್ಳುತ್ತಿದ್ದ. ಮೆಚ್ಚಿ ಚಪ್ಪಾಳೆ ಹೊಡೆದದ್ದು ಅವನ ಕೆಮ್ಮಿಗೆ.

ನನ್ನ ಮಗಳು ರತ್ನಳನ್ನು ಬಂಗಾರಪೇಟೆಗೆ ಕೊಟ್ಟೆವು. ಲಗ್ನಪತ್ರಿಕೆ ಆದ ದಿನವೇ ಬಾವ ಬಂದು ಕೂತ.

"ಲೇ ಯಲ್ಲಮ್ಮ, ತಾಳಿ ಕಟ್ಟೋವಾಗ ಗಟ್ಟಿಮೇಳ ನಂದು."

"ಓಲಗದೋರಿಗೆ ಹೇಳಾಗೈತೆ ಬಾವ. ನೀನು ಊಟ ಮಾಡ್ಕೊಂಡು ಓಗು."

"ಒಂದೇ ಒಂದ್ಸಲ. ತಮಾಷೆ ಇಲ್ದಂಗೆ."

ತಾಳಿಗೆ ಮೂರು ಗಂಟು ಬೀಳುವವರೆಗೆ ಸೀನು, ಅಳು, ಕೆಟ್ಟ ಮಾತು ಒಂದೂ ಕಿವಿಗೆ ಬೀಳದಂತೆ ಗಟ್ಟಿಮೇಳ ಮೊಳಗಬೇಕು. ನಡುವೆ ತುಂಡಾದರೆ ಹುಡುಗಿಯ ಬಾಳಿಗೆ ಕೇಡು ಅನ್ನುವುದು ನಮ್ಮವರ ನಂಬಿಕೆ. "ಎರಡು ಸಾಲಿಗೆ ಏದುಸಿರು ಬಿಡ್ತೀಯ, ನನ್ ಮಗಳ ತಾಳಿ ಮೇಲೆ ನಿನ್ ಆಟ ಬ್ಯಾಡ" ಅಂದೆ. ರತ್ನ ಕೇಳಬೇಕಲ್ಲ! "ದೊಡ್ಡಪ್ಪನೇ ಊದ್ಲಿ, ಇಲ್ದಿದ್ರೆ ನಾನು ಹಸೆಮಣೆ ಹತ್ತಲ್ಲ" ಅಂದಳು. ಬೀಗರಿಗಂತೂ ತಮಾಷೆ ದೊರೆಸಾಮಿ ಬರುತ್ತಾನೆಂದು ಹಬ್ಬ. ನಾನು ಓಲಗದವನನ್ನು ಬಾವನ ಬೆನ್ನ ಹಿಂದೆ ಕೂರಿಸಿ, "ಅವನ ಉಸಿರು ಕಟ್ಟಿದ ಗಳಿಗೆಗೆ ನೀನು ಎತ್ಕೊಳಪ್ಪ" ಅಂತ ಹೇಳಿಟ್ಟೆ.

ಮುಹೂರ್ತಕ್ಕೆ ಬಾವ ಎದ್ದು ನಿಂತು ಊದಿದ. ಚಪ್ಪರದಲ್ಲಿ ಒಬ್ಬರೂ ತಾಳಿಯ ಕಡೆ ನೋಡಲಿಲ್ಲ. ನಗಲು ಬಾಯಿ ತೆರೆದುಕೊಂಡು ಎಲ್ಲರೂ ಬಾವನನ್ನೇ ನೋಡುತ್ತಿದ್ದರು. ನನ್ನ ಅಳಿಯ ಮಹಾಶಯ ಎರಡು ಗಂಟು ಹಾಕಿದವನು, ಮೂರನೆಯದನ್ನು ಬೆರಳಲ್ಲೇ ಹಿಡಿದು, ಕತ್ತು ತಿರುಗಿಸಿ ತಮಾಷೆಗೆ ಕಾಯುತ್ತಾ ನಿಂತುಬಿಟ್ಟ! ಬಾವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ನಿಲ್ಲಿಸಲಿಲ್ಲ. ಓಲಗದವನು ಪೀಪಿಯನ್ನು ತುಟಿಗಿಟ್ಟೇ ಇದ್ದ. ನಾನು ಅಳಿಯನ ಬೆನ್ನಿಗೆ ಗುದ್ದಿದೆ.

"ಕಟ್ಟಪ್ಪಾ, ಕಟ್ಟು! ಅಲ್ಲೇನು ನಾಟಕ ನೋಡ್ತೀಯ?"

ಮೂರನೇ ಗಂಟು ಬಿತ್ತು. ಬಾವ ತುತ್ತೂರಿ ಇಳಿಸಿದ. ಒಂದು ಕಡೆಯೂ ತುಂಡಾಗಿರಲಿಲ್ಲ.

ಊಟ ಮಾಡಿ ಕೈತೊಳೆಯುವಾಗ ಬೀಗಿತ್ತಿ ಮೂತಿ ಸೊಟ್ಟ ಮಾಡಿ, "ಏನಮ್ಮಾ, ನಿಮ್ಮ ಬಾವನಿಗೆ ವಯಸ್ಸಾಗೋಯ್ತು. ಒಂದು ತಮಾಷೆನಾದ್ರೂ ಮಾಡ್ಬಾರ್ದಾ?" ಅಂದಳು.

ಬಾವ ಚಪ್ಪರದ ಹಿಂದೆ ಅಕ್ಕಿಮೂಟೆಗೆ ಒರಗಿದ್ದ. ಮಾತಾಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಯಾರಾನಾ ನಕ್ರಾ ಯಲ್ಲಮ್ಮ?"

"ಒಬ್ಬರೂ ನಗಲಿಲ್ಲ ಬಾವ."

"ಅಂಗಾದ್ರೆ ಕೇಳುಸ್ಕೊಂಡ್ರು ಅನ್ನು."

"ಊಂ" ಅಂದೆ. ಬೀಗಿತ್ತಿಯ ಮಾತು ನನ್ನ ಹೊಟ್ಟೆಯಲ್ಲೇ ಉಳಿಯಿತು.

ಎರಡೇ ತಿಂಗಳಿಗೆ ಬಾವ ಹೋದ. ತಿಥಿಯ ಊಟಕ್ಕೆ ಬಂದವರು ಎಲೆ ಮುಂದೆ ಕೂತು ಖಾಲಿ ಕುರ್ಚಿ, ಶಿಫ್ಟಿಗೆ ಇಳಿದವನು ಅಂತ ಹಳೆಯ ತಮಾಷೆಗಳನ್ನೇ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಟ್ಟಿಮೇಳದ ಮಾತು ಒಬ್ಬನೂ ಎತ್ತಲಿಲ್ಲ. ನಾನು ಸಾರಿನ ಸೌಟು ಹಿಡಿದು ಸಾಲಿನ ತುದಿಯಲ್ಲಿ ನಿಂತು ನೋಡಿದೆ.

"ನಕ್ಕಿದ್ದು ಸಾಕು, ಉಂಡು ಏಳ್ರಯ್ಯಾ" ಅಂದೆ. "ಇನ್ನೊಂದು ಪಂಕ್ತಿ ಕಾಯ್ತಾ ಐತೆ."